ಉಪವಾಸ ಹಿಡಿದ ಮೀನು

ನನಗಾಗ ನಲವತ್ತೊಂದು. ಅದಾಗಿ ಮೂವತ್ತು ವರ್ಷದ ಮೇಲಾಯಿತು. ನಿಪ್ಪಾಣಿಯಲ್ಲಿ ಒಬ್ಬ ಜೈನ ವ್ಯಾಪಾರಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಸೇರುವಾಗ, ನಾವು ಮೀನು ಮಾಂಸ ಮುಟ್ಟುವವರಲ್ಲ ಎಂದು ಸುಳ್ಳು ಹೇಳಿದ್ದೆ. ನನ್ನ ತವರು ಕೃಷ್ಣೆಯ ದಂಡೆ. ಅಪ್ಪ ಬಲೆ ಬೀಸಿಯೇ ನಮ್ಮನ್ನು ಸಾಕಿದವನು. ಅದನ್ನು ಹೇಳಿದ್ದರೆ ಆ ಒಲೆಯ ಹತ್ತಿರ ಯಾರು ಬಿಡುತ್ತಿದ್ದರು?

ಮನೆಯ ಅಳಿಯ ಮಿರಜಿನಿಂದ ಗಾಜಿನ ಪೆಟ್ಟಿಗೆ ತಂದು ಪಡಸಾಲೆಯಲ್ಲಿಟ್ಟ. ಒಳಗೆ ಹನ್ನೆರಡು ಸಣ್ಣ ಬಣ್ಣದ ಮೀನು, ಜೊತೆಗೆ ಕೆಂಪು ಪಟ್ಟೆಯ ಉದ್ದನೆಯದೊಂದು. ಅದು ಪರದೇಶದ್ದು ಎಂದು ಅಂಗಡಿಯವನು ಹೇಳಿದ್ದನಂತೆ. ಎರಡು ತಿಂಗಳಲ್ಲಿ ಅದರ ಕೆಂಪು ಮಾಸಿ, ಬೂದು ಮೈಮೇಲೆ ಕಪ್ಪು ಕಲೆ ಎದ್ದವು. ಹಿಟ್ಟಿನ ಉಂಡೆ ಹಾಕಿದರೆ ಮೂಸಿಯೂ ನೋಡುತ್ತಿರಲಿಲ್ಲ.

"ಉಪವಾಸ ಹಿಡದೈತಿ ಪಾಪ. ನಮಗಿಂತ ಅದs ಛಲೋ," ಎನ್ನುತ್ತಿದ್ದರು ಯಜಮಾನಿ.

ಉಪವಾಸದ ಮೀನು ದಪ್ಪಗಾಯಿತು. ಉಳಿದವು ಒಂದೊಂದಾಗಿ ಕಾಣೆಯಾಗಿ ಐದಕ್ಕೆ ಬಂದವು. ಭಾಂಡೆ ತಿಕ್ಕುವ ವಿಧವೆ ಪೆಟ್ಟಿಗೆಯ ನೀರನ್ನೂ ಬದಲಿಸುತ್ತಿದ್ದಳು. ಯಜಮಾನಿ ಅವಳನ್ನು ಹಿಡಿದರು.

"ಗಟಾರಕ್ಕ ಚೆಲ್ಲಿದಿ, ಇಲ್ಲಾ ಮನಿಗಿ ಒಯ್ದಿ. ಜೀವ ಅದಾವು ಅವು. ಶನಿವಾರದಿಂದ ಬರಬ್ಯಾಡ."

"ಒಯ್ದು ಏನ್ ಮಾಡ್ಲಿರಿ ಅಕ್ಕಾರ, ತೊಟ್ಟಿಲದಾಗ ಹಾಕಿ ತೂಗ್ಲೇನು?"

ನನಗೂ ಅವಳಿಗೂ ಆಗಿಬರುತ್ತಿರಲಿಲ್ಲ. ಹೋದರೆ ಹೋಗಲಿ ಎಂದು ಹಂಚಿನ ಮುಂದೆ ಕೂತೆ. ಕೂರಲಾಗಲಿಲ್ಲ. ರೊಟ್ಟಿ ಹಾಕುವುದು, ಪಡಸಾಲೆಗೆ ಹೋಗಿ ಇಣುಕುವುದು, ತಿರುಗಿ ಬರುವಷ್ಟರಲ್ಲಿ ರೊಟ್ಟಿ ಕರ್ರಗೆ. ಮೂರು ದಿನ ಇದೇ ಹಾಡು. ಆ ಉದ್ದನೆಯದು ಯಾವ ಮೀನೆಂದು ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವಳದು. ಶುಕ್ರವಾರ ಮಧ್ಯಾಹ್ನ ಹಿಟ್ಟಿನ ಕೈಯಲ್ಲೇ ಯಜಮಾನಿಯನ್ನು ಗಾಜಿನ ಮುಂದೆ ಕರೆತಂದೆ.

"ನೋಡ್ರಿ, ತಲಿ ಹಾವಿನಂಗ ಚಪ್ಪಟ ಐತಿ. ಬಾಯಿ ಕಣ್ಣ ದಾಟಿ ಸೀಳೈತಿ. ಬೆನ್ನಿನ ರೆಕ್ಕಿ ಕುತಗಿಂದ ಬಾಲದ ಮಟ ಒಂದs. ಗಳಿಗಿಗೊಮ್ಮೆ ಮ್ಯಾಲ ಬಂದು ಗಾಳಿ ನುಂಗತೈತಿ. ಇದು ನಮ್ಮ ಹೊಳಿ ಮರಲ್ ಜಾತಿ ಮೀನ ಐತ್ರಿ. ಮರಿ ಇದ್ದಾಗಷ್ಟ ಕೆಂಪ. ಉಳದ ಮೀನ ತಿಂದದ್ದು ಇದs."

ಅಷ್ಟರಲ್ಲಿ ಅದು ಒಮ್ಮೆ ತಿರುಗಿತು. ಐದಿದ್ದವು ನಾಲ್ಕಾದವು.

ಯಜಮಾನಿ ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು.

"ನಿನಗ ಹೆಂಗ ಗೊತ್ತು?"

"ಹಿಡದೇನ್ರಿ."

"ತಿಂದಿಯೇನು?"

"ತಿಂದೇನ್ರಿ. ಹುಳಿ ಹಾಕಿ ಮಾಡಿದ್ರ ಭಾಳ ರುಚಿ."

ಅವರು ಬೈಯಲಿಲ್ಲ. ವಿಧವೆಗೆ ಶನಿವಾರ ಬಾ ಎಂದರು. ನನಗೆ, "ಇನ್ನ ಒಲಿ ಮುಟ್ಟಬ್ಯಾಡ," ಎಂದು ಒಳಗೆ ಹೋದರು.

ಹಿತ್ತಲಲ್ಲಿ ಕೈ ತೊಳೆಯುವಾಗ ವಿಧವೆ ಅಂದಳು, "ನಿನ್ನ ಸೀರಿ ವಾಸನಿಗೇ ನನಗ ಗೊತ್ತಿತ್ತು ಬೇ."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ರೊಟ್ಟಿ ಯಾರು ಬಡೀತಿದ್ರು, ನಾನs?"

ಮರುದಿನ ಬೆಳಿಗ್ಗೆ ತಂಬಾಕು ತುಂಬಿಡುವ ವಖಾರಿಗೆ ಕೆಲಸ ಕೇಳಿಕೊಂಡು ಹೋದೆ. ಏನು ಕೆಲಸ ಬರುತ್ತದೆ ಎಂದು ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಕೇಳಿದ. ನಮ್ಮಪ್ಪ ಮೀನು ಹಿಡಿಯುವವನು ಎಂದು ಮೊದಲು ಹೇಳಿದೆ. ಕೆಲಸದ ಮಾತು ಆಮೇಲೆ.