ಅಪ್ಪ ಕೂಗಿ ಕರೆಯುತ್ತಿದ್ದ ಸಂಜೆ

ದಾಸರಹಳ್ಳಿಯ ಲೇತ್ ಅಂಗಡಿಗಳ ಮುಂದೆ ಹಾದುಹೋಗುವಾಗ, ಕಾದ ಕಬ್ಬಿಣದ ಮೇಲೆ ಬಿದ್ದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಒಂದು ಗಳಿಗೆ ನಿಂತುಬಿಡುತ್ತೇನೆ. ಅದು ನಮ್ಮಪ್ಪನ ಅಂಗಿಯ ವಾಸನೆ. ಜಾಲಹಳ್ಳಿಯ ಫ್ಯಾಕ್ಟರಿಯಿಂದ ಅಪ್ಪ ಸೈಕಲ್ ತುಳಿದುಕೊಂಡು ಬಂದರೆ, ವಾಸನೆಗಿಂತ ಮೊದಲು ದನಿ ಮನೆ ಮುಟ್ಟುತ್ತಿತ್ತು. ಯಶವಂತಪುರದ ನಮ್ಮ ಹೆಂಚಿನ ಮನೆಗಳ ಸಾಲಿನ ತುದಿಯಲ್ಲೇ ಇಳಿದು, "ಜಯಮ್ಮೋ! ಮಣ್ಣಾಡಿದ್ದು ಸಾಕು, ಉಣ್ಣಾಕ್ ಬಾರವ್ವೋ!" ಎಂದು ಕೂಗಿದರೆ ಮಕ್ಕಳೆಲ್ಲ ಎದ್ದು ಅವರವರ ಮನೆಗೆ ಓಡುತ್ತಿದ್ದರು. ಪಕ್ಕದ ಮನೆಯ ಬಷೀರ್ ಚಾಚಾ ಜಗಲಿಯಿಂದಲೇ, "ಏನ್ ರಾಮಣ್ಣ, ನೀನಿದ್ಮೇಲೆ ನಿಮ್ ಫ್ಯಾಕ್ಟ್ರಿಗೆ ಸೈರನ್ ಯಾಕಪ್ಪಾ?" ಎಂದು ನಗುತ್ತಿದ್ದರು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಕೂಗಲು ಬರುತ್ತಿತ್ತು. ಫ್ಯಾಕ್ಟರಿಯ ಗೇಟಿನ ಮುಂದೆ ಅವನು ಘೋಷಣೆ ಎತ್ತಿಕೊಟ್ಟರೆ ಪಾಳಿಯ ಜನವೆಲ್ಲ ದನಿಗೂಡಿಸುತ್ತಿತ್ತು. ನಿಮ್ಮ ಬೀದಿಯಲ್ಲೂ ಅಂಥದೊಂದು ಗಂಟಲು ಇದ್ದಿರಬೇಕು.

ತುರ್ತು ಪರಿಸ್ಥಿತಿ ಬಂದದ್ದು ಮಕ್ಕಳಾದ ನಮಗೆ ಗೊತ್ತಾಗಿದ್ದು ದೊಡ್ಡವರು ದನಿ ತಗ್ಗಿಸಿದ್ದರಿಂದ. ಚಾಚಾ ಜಗಲಿಯ ಮೇಲಿನ ರೇಡಿಯೋ ಎತ್ತಿಕೊಂಡು ಒಳಗೆ ಹೋದರು. ಗೇಟಿನಲ್ಲಿ ಗುಂಪು ಸೇರಬಾರದು, ಕೂಗಬಾರದು ಎಂದಾಯಿತು. ಅಪ್ಪ ಕೂಗಿದ. ಅವರೆಕಾಯಿ ಕಾಲ; ಅವ್ವ ಹಿತಕಿದ ಬೇಳೆ ಸಾರು ಒಲೆಯ ಮೇಲಿಟ್ಟು ಕಾಯುತ್ತಿದ್ದಳು. ಪೊಲೀಸರು ಗೇಟಿನಿಂದಲೇ ಕರೆದುಕೊಂಡು ಹೋದರೆಂದು ಚಾಚಾ ಬಂದು ಹೇಳಿದರು. "ಯಾರಾನ ಕೇಳಿದ್ರೆ ನಮ್ಮಪ್ಪ ಊರ್‌ಗೋಗವ್ನೆ ಅನ್ನು," ಎಂದು ಅವ್ವ ನನಗೆ ಕಲಿಸಿದಳು.

ಮರುವರ್ಷ ಅವರೆಕಾಯಿ ಬರುವ ಹೊತ್ತಿಗೆ ಅಪ್ಪ ಜೈಲಿನಿಂದ ಬಂದ. ಸೊರಗಿದ್ದ. ಮೊದಲಿನ ಹಾಗೆ ಕೂಗಲಿ ಎಂದೇ ನಾನು ಆ ಸಂಜೆ ಆಟ ಮುಗಿದರೂ ಏಳದೆ ಮಣ್ಣಿನಲ್ಲಿ ಕುಳಿತೆ. ಮಿಕ್ಕ ಮಕ್ಕಳನ್ನು ಅವರ ತಾಯಂದಿರು ಬಂದು ಎಳೆದುಕೊಂಡು ಹೋದರು. ಕತ್ತಲಾಗುತ್ತ ಬಂದಾಗ ಬೆನ್ನ ಹಿಂದೆ ಹೆಜ್ಜೆ ಸಪ್ಪಳ. ಅಪ್ಪ ಸಾಲಿನುದ್ದಕ್ಕೂ ನಡೆದು ಬಂದು ನನ್ನ ಭುಜ ಮುಟ್ಟಿ, "ಬಾರವ್ವ" ಎಂದ, ಪಕ್ಕದ ಬಾಗಿಲಿಗೂ ಕೇಳದ ಹಾಗೆ.

"ಕೂಗಪ್ಪಾ," ಎಂದೆ.

"ಬ್ಯಾಡ ಕಣವ್ವ. ನಾನೇ ಬಂದ್ನಲ್ಲ."

ಎಷ್ಟೋ ಸಂಜೆ ಹಾಗೆ ಕುಳಿತು ನೋಡಿದೆ. ತುರ್ತು ಪರಿಸ್ಥಿತಿ ಹೋಯಿತು, ಚಾಚಾರ ರೇಡಿಯೋ ಜಗಲಿಗೆ ಬಂತು, ಗೇಟಿನಲ್ಲಿ ಬೇರೆಯವರು ಘೋಷಣೆ ಕೂಗಿದರು. ಫ್ಯಾಕ್ಟರಿಯ ಕೆಲಸ ಹೋಗಿದ್ದ ಅಪ್ಪ ಸಣ್ಣ ಲೇತ್ ಅಂಗಡಿಯೊಂದರಲ್ಲಿ ತಲೆ ತಗ್ಗಿಸಿ ದುಡಿದು ನನ್ನನ್ನು ಓದಿಸಿದ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಘಟಿಕೋತ್ಸವದಲ್ಲಿ ನನ್ನ ಹೆಸರು ಕರೆದಾಗ ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತ. ಬಾಯಿ ತೆರೆದ. ಆಚೀಚೆ ನೋಡಿ, ಕೂತುಬಿಟ್ಟ.

ಈಗ ಅಪ್ಪನಿಲ್ಲ, ಚಾಚಾ ಇಲ್ಲ, ಮನೆಗಳಿದ್ದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಸಂಜೆ ಆ ಕಡೆ ಹೋದರೆ ಕತ್ತಲಾಗುವವರೆಗೂ ಕಾಂಪೌಂಡಿನ ಹೊರಗೆ ನಿಂತಿರುತ್ತೇನೆ. "ಯಾರನ್ನ ನೋಡ್ಬೇಕಿತ್ತು ಮೇಡಂ?" ಎಂದು ವಾಚ್‌ಮನ್ ಕೇಳುತ್ತಾನೆ. ಯಾರೂ ಇಲ್ಲಪ್ಪ, ಮೆಲ್ಲಗೆ ಅನ್ನುತ್ತೇನೆ. ಅವನಿಗೆ ಕೇಳಿಸುವುದಿಲ್ಲ.