ಮೇಷ್ಟ್ರ ಮರಳುಚೀಲಗಳು

ಚನ್ನಗಿರಿಯಲ್ಲಿ ನನಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರು, ನಿವೃತ್ತರಾದ ಮೇಲೆ ಯುದ್ಧಕಾಲದ ವಿಮಾನನೆಲೆಯ ಪುಟ್ಟ ಮಾದರಿ ಕಟ್ಟಲು ಕೂತರು. ಏನು ಹೇಳಿದರೂ ಕನ್ನಡಕ ಹಣೆಗೇರಿಸಿ, "ಪುರಾವೆ ಐತೇನಪ್ಪಾ?" ಎನ್ನುವರು. ಅವರ ಸಹಾಯಕ್ಕೆ ಕೂತ ನಾನು ಅಡಿಕೆ ಮಂಡಿಯವನು. ಮಾದರಿಯ ಫಿರಂಗಿಯ ಸುತ್ತ, ಮಣ್ಣಿನಲ್ಲಿ ಮಾಡಿದ ಉಗುರಿನಷ್ಟು ಮರಳುಚೀಲಗಳನ್ನು, ಮಂಡಿಯಲ್ಲಿ ಮಾಲು ನೋಡಲು ಒಟ್ಟುವಂತೆ, ಕಟ್ಟಿದ ಬಾಯಿ ಹೊರಗೆ ಮಾಡಿ ಒಟ್ಟಿದೆ. ಮೇಷ್ಟ್ರು, ಚೀಲದ ಬಾಯಿ ಒಳಗಿದ್ದ ಹಳೆಯ ಫೋಟೊ ತೋರಿಸಿ ಎಲ್ಲವನ್ನೂ ಕೆಡವಿಸಿದರು. ಬಾಯಿ ಒಳಗೆ ಮಾಡಿ ಮತ್ತೆ ಒಟ್ಟುವುದರಲ್ಲಿ ನನ್ನ ನಾಲ್ಕು ಭಾನುವಾರ ಹಾಳಾದವು.

ಆಗ ಮೇಷ್ಟ್ರು, ಮಾದರಿ ಸರಿಯಿದೆಯೇ ನೋಡಲು, ಗೋವಿನಕೋವಿ ಹಳ್ಳಿಯಿಂದ, ಅಂಥದೇ ನೆಲೆಯ ಕಾವಲಿಗಿದ್ದ ಮುದಿ ಸೈನಿಕರೊಬ್ಬರನ್ನು ಕರೆಸಿದರು.

"ಮಿಲ್ಟ್ರಿಗೆ ಹೋಗಾಕೆ ಮುಂಚೆ ನಾನು ಮಂಡಿ ಹಮಾಲಿ. ಅಲ್ಲೂ ಕೈರೂಢಿ ಬಿಡಲಿಲ್ರೀ, ಮರಳುಚೀಲಾನೂ ಬಾಯಿ ಹೊರಗೇ ಮಾಡಿ ಒಟ್ಟಿದ್ದೆ," ಎಂದರು ಅವರು.

ಮೇಷ್ಟ್ರ ಕನ್ನಡಕ ಹಣೆಗೇರಿತು. ನನ್ನತ್ತ ತಿರುಗಿದರು.

"ಪುರಾವೆ ಸಿಕ್ತು. ಕೆಡವಪ್ಪಾ, ಮೊದಲಿನಂಗೇ ಒಟ್ಟು."