ಏಳನೆಯ ಹಾಸಿಗೆಯ ಮಾವಶಿ

ಮಿರಜಿನಲ್ಲಿ ಮೂರು ವರ್ಷ ನರ್ಸಿಂಗ್ ಕಲಿತು ನಿಪ್ಪಾಣಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಎಂಬತ್ತರ ದಶಕದ ನಡುವಿನ ಮಾತು. ನನ್ನ ಊರು ಮುಗಳಖೋಡ. ಅಲ್ಲಿಂದ ಚಿಕ್ಕೋಡಿಗೆ ಬಂದು, ಬಸ್ ಬದಲಿಸಿ ನಿಪ್ಪಾಣಿ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಅಪ್ಪ ಟ್ರಂಕು ಹೊತ್ತು ತಂದು ನರ್ಸುಗಳ ಕೋಣೆಯಲ್ಲಿಟ್ಟು, "ಬರ್ತೀನವಾ" ಎಂದವನು ತಿರುಗಿ ನೋಡದೆ ಹೋದ.

ಅವ್ವ ಇರಲಿಲ್ಲ. ನಾನು ಎರಡನೆಯ ವರ್ಷದಲ್ಲಿದ್ದಾಗಲೇ ತೀರಿಕೊಂಡಿದ್ದಳು. ಪರೀಕ್ಷೆ ಕೆಡುತ್ತದೆಂದು ಮನೆಯವರು ಅವಳ ಜಡ್ಡಿನ ಸುದ್ದಿ ತಿಳಿಸಿರಲಿಲ್ಲ. ನಾನು ಊರು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಕೆಲಸಕ್ಕೆ ಸೇರಿದ ಎರಡನೆಯ ವಾರ ಹೆಂಗಸರ ವಾರ್ಡಿನ ಏಳನೆಯ ಹಾಸಿಗೆಗೆ ಕೊಗನೊಳ್ಳಿಯ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಗಂಡನಿಲ್ಲ, ಇದ್ದೊಬ್ಬ ಮಗಳು ಗಂಡನ ಮನೆಯಲ್ಲಿ. ಗಾಣದಲ್ಲಿ ಬೆಲ್ಲದ ಕೆಲಸಕ್ಕೆ ಹೋದಾಗ ಕೊಪ್ಪರಿಗೆಯ ಕುದಿಯುವ ಪಾಕ ಸಿಡಿದು ಬಲಗಾಲು ಮೊಣಕಾಲಿನಿಂದ ಹಿಮ್ಮಡದವರೆಗೆ ಸುಟ್ಟಿತ್ತು. ಪಾಕ ನೀರಿನಂತೆ ಹರಿದು ಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ದಿನಾ ಪಟ್ಟಿ ಬಿಚ್ಚಿ, ತೊಳೆದು, ಮುಲಾಮು ಹಚ್ಚಿ ಮತ್ತೆ ಕಟ್ಟಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನವೇ ತಪ್ಪು ಮಾಡಿದೆ. ಒಣಗಿ ಅಂಟಿದ ಪಟ್ಟಿಯನ್ನು ಸಲೈನ್ ನೀರಿನಿಂದ ನೆನೆಸಿ ಬಿಡಿಸಬೇಕೆಂದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ವಾರ್ಡು ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು, ಡಾಕ್ಟರು ಬರುವ ಹೊತ್ತಾಗಿತ್ತು. ಅರೆಬರೆ ನೆನೆದ ಪಟ್ಟಿಯನ್ನು ಎಳೆದುಬಿಟ್ಟೆ. ಹೊಸ ರಕ್ತ ಒಸರಿತು. ಅವಳು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಉಸಿರು ತಿರುಗಿದ ಮೇಲೆ ಸೆರಗು ತೆಗೆದು, "ಹಗೂರಕ ತಗಿ ಪೋರಿ" ಎಂದಳು. ಕೋಣೆಗೆ ಹೋಗಿ ಅತ್ತೆ. ಮರುದಿನ ಪಟ್ಟಿಯ ತಟ್ಟೆ ಹಿಡಿದು ವಾರ್ಡಿನ ಬಾಗಿಲಲ್ಲೇ ನಿಂತೆ.

ಅವಳೇ ಕರೆದಳು. "ಅಲ್ಲೇ ಯಾಕ ನಿಂತಿ? ಬಾ. ನಿನಗೂ ಹೊಸಾದು, ನನಗೂ ಹೊಸಾದು. ಇಬ್ರೂ ಕೂಡಿ ಕಲಿಯೂಣು."

ಅವತ್ತು ಪಟ್ಟಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಒಂದೊಂದು ಎಳೆ ಸಡಿಲಾಗುವವರೆಗೂ ಅವಳು ತನ್ನ ಊರಿನ ಸುದ್ದಿ ಹೇಳುತ್ತ ಹೋದಳು, ಅರ್ಧ ಮರಾಠಿ, ಅರ್ಧ ಕನ್ನಡ. ಪಟ್ಟಿ ಎಲ್ಲಾದರೂ ಅಂಟಿ ನಿಂತರೆ ಮಾತು ನಿಲ್ಲಿಸಿ, ಬಿಟ್ಟುಕೊಂಡ ಮೇಲೆ ಮುಂದುವರಿಸುತ್ತಿದ್ದಳು. ನಾನು ಅವಳನ್ನು ಮಾವಶಿ ಎಂದು ಕರೆಯತೊಡಗಿದೆ. ಅವ್ವನ ಅಕ್ಕತಂಗಿಯರನ್ನು ಆ ಕಡೆ ಹಾಗೆ ಕರೆಯುತ್ತಾರೆ.

ಒಂದು ರವಿವಾರ ಮಧ್ಯಾಹ್ನ ವಾರ್ಡು ಹಗುರಾಗಿತ್ತು. ನನ್ನ ಟೋಪಿಯ ಕೆಳಗಿನ ಕೂದಲು ನೋಡಿ, "ಎಷ್ಟ ದಿನಾತು ಎಣ್ಣಿ ಕಾಣದ?" ಎಂದು ಮಂಚದ ಅಂಚಿಗೆ ಕೂರಿಸಿಕೊಂಡಳು. ಗಾಣದ ಕೆಲಸವಿಲ್ಲದಾಗ ತಂಬಾಕು ಆಯ್ದು ಆಯ್ದು ಒರಟಾದ ಬೆರಳುಗಳು. ನೆತ್ತಿಗೆ ಎಣ್ಣೆ ತಟ್ಟುತ್ತ ಕೇಳಿದಳು:

"ನಿಮ್ಮವ್ವ ನಿನ್ನ ಈ ಬಿಳಿ ಸೀರಿಯೊಳಗ ನೋಡ್ಯಾಳೇನ?"

"ಇಲ್ರಿ. ಆಕಿ ಹೋಗಿ ಎರಡ ವರ್ಷಾತು."

ಅವಳು ಕೂದಲನ್ನು ಮೂರು ಎಳೆ ಮಾಡಿ ಜಡೆ ಹೆಣೆಯತೊಡಗಿದಳು. ಅಷ್ಟರಲ್ಲಿ ದೊಡ್ಡ ಸಿಸ್ಟರ್ ಒಳಗೆ ಬಂದು, "ಸಿಸ್ಟರ, ಇದು ವಾರ್ಡ ಐತಿ, ನಿಮ್ಮನಿ ಕಟ್ಟಿ ಅಲ್ಲ" ಎಂದರು. ನಾನು ದಡಕ್ಕನೆ ಎದ್ದೆ. ಮಾವಶಿ ನನ್ನ ಜಡೆ ಬಿಡಲಿಲ್ಲ. "ನಾನ ಕರದೀನ್ರಿ ಬಾಯಾರ. ಬೈಯೂದಿದ್ರ ನನಗ ಬೈರಿ. ಇನ್ನೊಂದ ಎಳಿ ಉಳದೈತಿ ನೋಡ್ರಿ, ಹೆಣದ ಬಿಡ್ತೀನಿ." ದೊಡ್ಡ ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿ, ಜಡೆ ಮುಗಿಯುವವರೆಗೂ ಹಾಗೇ ನಿಂತಿದ್ದರು.

ಗಾಯ ಮಾಯತೊಡಗಿದಾಗ ಹೊಸ ತೊಡಕು ಬಂತು. ನೋವಿಗೆ ಅವಳು ಮೊಣಕಾಲು ಮಡಚಿಕೊಂಡೇ ಮಲಗುತ್ತಿದ್ದಳು. ಹಾಗೇ ಬಿಟ್ಟರೆ ಹೊಸ ಚರ್ಮ ಬಿಗಿದು ಕಾಲು ಮತ್ತೆ ನೆಟ್ಟಗಾಗುವುದಿಲ್ಲ, ದಿನಾ ಚಾಚಿಸಿ ನಡೆಸಬೇಕು ಎಂದರು ಡಾಕ್ಟರು.

"ಇವತ್ತ ಎದ್ದು ನಿಂದರಬೇಕ್ರಿ, ಮಾವಶಿ."

"ನಾಳೆ ನಿಂದರ್ತೀನಿ."

"ನಿನ್ನೇನೂ ನಾಳೆ ಅಂದ್ರಿ."

ಹಿಮ್ಮಡ ಹಿಡಿದು ಕಾಲು ಚಾಚಿಸಿದೆ. ಅವಳು ನನ್ನ ಕೈಗೆ ಹೊಡೆದಳು. ನಾನು ಬಿಡಲಿಲ್ಲ. ಇಡೀ ವಾರ್ಡಿಗೆ ಕೇಳುವಂತೆ ಅಂದಳು, "ನಿಮ್ಮವ್ವ ಇದ್ದಿದ್ರ ಆಕಿ ಕಾಲ ಹಿಂಗ ಎಳೀತಿದ್ದೇನ?"

"ಎಳೀತಿದ್ದೆ" ಎಂದೆ. "ಎಳಿಯಾಕ ನಾ ಅಲ್ಲಿ ಇರಲಿಲ್ಲ."

ಅವಳು ಕಾಲು ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಮರುದಿನ ಮುಂಜಾನೆ ನಾನು ಹೋಗುವಷ್ಟರಲ್ಲಿ ಮಂಚದಿಂದ ಎರಡೂ ಕಾಲು ಇಳಿಬಿಟ್ಟು ಕೂತಿದ್ದಳು. "ಹಿಡಿ" ಎಂದು ಕೈ ಚಾಚಿದಳು. ಅವತ್ತು ಮೂರು ಹೆಜ್ಜೆ. ವಾರದಲ್ಲಿ ಪಡಸಾಲೆಯವರೆಗೆ. ಅಲ್ಲಿ ಕಂಬಕ್ಕೆ ಒರಗಿ ನಿಂತು, ರಸ್ತೆಯ ಮೇಲೆ ಕಬ್ಬಿನ ಗಾಡಿಗಳು ಹೋಗುವುದನ್ನು ಬಹಳ ಹೊತ್ತು ನೋಡುತ್ತಿದ್ದಳು.

ಅಣ್ಣನ ಮದುವೆ ನಿಶ್ಚಯಕ್ಕೆಂದು ಮೂರು ದಿನ ರಜೆ ಹಾಕಿ ಊರಿಗೆ ಹೋದೆ. ತಿರುಗಿ ಬಂದಾಗ ಏಳನೆಯ ಹಾಸಿಗೆಯಲ್ಲಿ ಬೇರೆ ಯಾರೋ ಬಾಣಂತಿ ಮಲಗಿದ್ದಳು. ದೊಡ್ಡ ಸಿಸ್ಟರ್ ಹೇಳಿದರು, "ನಿನ್ನೆ ಸುಟ್ಟಿ ಕೊಟ್ಟು ಮನಿಗೆ ಕಳಿಸಿದ್ರು. ನಿನ್ನ ದಾರಿ ಭಾಳ ನೋಡಿದ್ಳು. ಮಗಳು ಕರಕೊಂಡ ಹೋಗಾಕ ಬಂದಿದ್ಳು. ಬಸ್‌ಸ್ಟ್ಯಾಂಡ್‌ತನಕ ನಡಕೋತನ ಹೋಗ್ತೀನಿ, ಟಾಂಗಾ ಬ್ಯಾಡ ಅಂದ್ಳು."

ಎರಡು ತಿಂಗಳ ನಂತರ ವಾರದ ರಜೆಯ ದಿನ ಕೊಗನೊಳ್ಳಿಗೆ ಹೋದೆ. ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡಿದ್ದೆ. ಮನೆ ಸಿಕ್ಕಿತು, ಬಾಗಿಲಿಗೆ ಬೀಗ ಇತ್ತು. ಪಕ್ಕದ ಮನೆಯ ಅಜ್ಜಿ ನೀರು ಕೊಟ್ಟು, "ಮಗಳ ಊರಿಗೆ ಹೋಗ್ಯಾಳ. ಇನ್ನ ಅಲ್ಲೇ ಇರ್ತಾಳಂತ" ಎಂದಳು.

"ಯಾವ ಊರ್ರಿ?"

"ಇಚಲಕರಂಜಿ ಕಡೆ ಅಂತಾರವಾ. ಹಳ್ಳಿ ಹೆಸರು ಗೊತ್ತಿಲ್ಲ."

"ನಡೀತಾಳೇನ್ರಿ ಛಲೋ?"

"ನೀರ ತರ್ತಿದ್ಳಲ್ಲ ಬಾವಿಯಿಂದ. ಒಂದೀಟ ಕುಂಟ್ತಾಳ, ಅಷ್ಟ."

ಪೇಢೆಯನ್ನು ಆ ಅಜ್ಜಿಯ ಕೈಗೇ ಇಟ್ಟು ಬಂದೆ.

ಮುಂದೆ ಸರಕಾರಿ ಕೆಲಸ ಸಿಕ್ಕಿ ರಾಯಬಾಗಕ್ಕೆ ಹೋದೆ. ಮದುವೆಯಾಯಿತು. ತೊಂಬತ್ತರ ನಂತರ ಬಹಳ ವರ್ಷ ಕಾಗವಾಡದಲ್ಲಿದ್ದೆ. ಅಲ್ಲಿ ಗಡಿಯಾಚೆಯ ಇಚಲಕರಂಜಿ ಕಡೆಯಿಂದಲೂ ಹೆಂಗಸರು ಬರುತ್ತಿದ್ದರು. ಮಾವಶಿಯ ವಯಸ್ಸಿನವರು ಬೆಂಚಿನ ಮೇಲೆ ಕೂತಿದ್ದರೆ ನಾನು ಮೊದಲು ನೋಡುತ್ತಿದ್ದದ್ದು ಬಲಗಾಲನ್ನು. ಸೀರೆಯ ಅಂಚಿನ ಕೆಳಗೆ ಬಿಳಿಚಿದ ಚರ್ಮ ಕಂಡೀತೇ ಎಂದು. ನಿಪ್ಪಾಣಿಯ ಮೇಲೆ ಹೋಗುವ ಬಸ್ಸಿನಲ್ಲೂ ಅಷ್ಟೇ. ಒಮ್ಮೆ ಯಾರೋ ನನ್ನ ಬೆನ್ನ ಹಿಂದೆ "ಪೋರಿ" ಎಂದು ಕರೆದರು, ತಿರುಗಿಬಿಟ್ಟೆ. ಅವರು ತಮ್ಮ ಮೊಮ್ಮಗಳನ್ನು ಕರೆಯುತ್ತಿದ್ದರು.

ಎರಡು ತಿಂಗಳು ದಿನಾ ಅವಳ ಕೇಸ್ ಪೇಪರಿನಲ್ಲಿ ಬರೆದಿದ್ದೆ: ಜ್ವರ, ನಾಡಿ, ಗಾಯದ ಅಳತೆ. ಮಗಳನ್ನು ಯಾವ ಊರಿಗೆ ಕೊಟ್ಟೀರಿ ಎಂದು ಕೇಳಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. ಅವಳು ಅಲ್ಲೇ ಇರುತ್ತಾಳೆ, ನಾಳೆ ಮುಂಜಾನೆ ಹೋದರೂ ಅದೇ ಹಾಸಿಗೆಯಲ್ಲಿ ಸಿಗುತ್ತಾಳೆ ಎಂದುಕೊಂಡಿದ್ದೆ.